ಅಣ್ಣ ಊಟಕ್ಕೆ ಕರೆದವರು

ನನ್ನ ಅಣ್ಣ ನಾಟಕದ ಮೇಷ್ಟ್ರಾಗಿದ್ದ. ನಮ್ಮ ಕಡೆ ಅಷ್ಟು ಹೇಳಿದರೆ ಸಾಕು. ಬೇರೆ ಸೀಮೆಯವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಯಾವುದೋ ಹಳ್ಳಿಯ ಹತ್ತಾರು ಜನಕ್ಕೆ ಪೌರಾಣಿಕ ನಾಟಕ ಆಡುವ ಹುಚ್ಚು ಹತ್ತಿದರೆ, ಅವರು ಹೋಗಿ ಒಬ್ಬ ಮೇಷ್ಟ್ರನ್ನು ಗೊತ್ತು ಮಾಡಿಕೊಂಡು ಬರುತ್ತಾರೆ. ಆ ಮೇಷ್ಟ್ರು ಹಾರ್ಮೋನಿಯಂ ಸಮೇತ ಬಂದು, ತಿಂಗಳುಗಟ್ಟಲೆ ಆ ಊರಲ್ಲೇ ಕೂತು, ಕಾಯಿ ಸುಲಿಯುವವನ ಬಾಯಲ್ಲೂ ಬಸ್ ಕಂಡಕ್ಟರನ ಬಾಯಲ್ಲೂ ಕಂದಪದ್ಯ ಹಾಡಿಸಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಅಣ್ಣ ಹೋಗಿ ಕಲಿಸದ ಊರು ಕಡಿಮೆ. ಕಂದಿಕೆರೆ ಕಡೆ ಹೋದರೆ ಈಗಲೂ ನನ್ನನ್ನು ಮೇಷ್ಟ್ರ ತಂಗಿ ಅಂತಲೇ ಕೂರಿಸಿ ಕಾಫಿ ಕೊಡುತ್ತಾರೆ.

ಅಭ್ಯಾಸ ನಡೆಯುವಾಗ ನಿದ್ದೆ ಬರಬಾರದು ಅಂತ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಆಮೇಲೆ ಅದಕ್ಕೆ ಹೊಗೆಸೊಪ್ಪಿನ ಕಡ್ಡಿಪುಡಿ ಸೇರಿತು. ಆಮೇಲೆ ನಾಟಕ ಇರಲಿ ಇಲ್ಲದಿರಲಿ, ಬಲಗೆನ್ನೆಯೊಳಗೆ ಒಂದು ಉಂಡೆ ಸದಾ ಇರುತ್ತಿತ್ತು. ಅದೇ ಜಾಗದಲ್ಲಿ ಹುಣ್ಣಾಯಿತು, ವಾಸಿಯಾಗಲಿಲ್ಲ. ತಿಪಟೂರಿನ ಡಾಕ್ಟರು ಟಾರ್ಚ್ ಬಿಟ್ಟು ಬಾಯೊಳಗೆ ನೋಡಿದವರು, ಏನು ಎತ್ತ ಅಂತ ಹೇಳದೆ ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಬಲಗಡೆಯ ದವಡೆ ತೆಗೆದು, ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಕೆಲವು ವಾರಕ್ಕೆ ಆ ಕೆನ್ನೆಯ ಮೇಲೆ ಎದೆಯ ಕೂದಲು ಬೆಳೆಯತೊಡಗಿತು. ಅಣ್ಣ ಕನ್ನಡಿ ಕೇಳುವುದನ್ನು ಬಿಟ್ಟ.

ಆಪರೇಷನ್ ಆದಮೇಲೆ ಕರೆಂಟು, ಅಂದರೆ ರೇಡಿಯೇಷನ್ನು, ಕೊಡಿಸುವುದಿತ್ತು. ಅಣ್ಣನ ಮನೆ ಬಿಳಿಗೆರೆಯಲ್ಲಿ. ನಾನು ಇರುವುದು ಕಿಬ್ಬನಹಳ್ಳಿ ಕ್ರಾಸಿನಲ್ಲಿ. ಮನೆಯ ಮುಂದಿನ ಎರಡು ಕೋಣೆಯಲ್ಲಿ ನಾನೂ ನನ್ನ ಗಂಡನೂ ಮೆಸ್ಸು ನಡೆಸುತ್ತೇವೆ. ಬೆಂಗಳೂರಿನ ಬಸ್ಸು ನಮ್ಮ ಬಾಗಿಲ ಮುಂದೆಯೇ ನಿಲ್ಲುತ್ತದೆ. ಹಾಗಾಗಿ ಅಣ್ಣ, ಅತ್ತಿಗೆ ಇಬ್ಬರೂ ನಮ್ಮ ಮನೆಗೆ ಬಂದು ಹಿಂದಿನ ರೂಮಿನಲ್ಲಿ ಉಳಿದರು.

ಮೆಸ್ಸು ನಡೆಸುವ ಮನೆಯಲ್ಲಿ ಊಟ ಮಾಡಲಾಗದ ಮನುಷ್ಯನನ್ನು ಇಟ್ಟುಕೊಳ್ಳುವುದು ಏನು ಅಂತ ನನಗೆ ಮೊದಲು ಹೊಳೆದಿರಲಿಲ್ಲ. ಅಣ್ಣನ ಮೂಗಿಗೆ ಪೈಪು ಹಾಕಿದ್ದರು. ರಾಗಿ ಗಂಜಿ, ಬೇಳೆಕಟ್ಟು, ಎಳನೀರು, ಎಲ್ಲವನ್ನೂ ಬಟ್ಟೆಯಲ್ಲಿ ಸೋಸಿ ದೊಡ್ಡ ಸಿರಿಂಜಿನಲ್ಲಿ ಅತ್ತಿಗೆ ಬಿಡುತ್ತಿದ್ದಳು. ಹೊಟ್ಟೆ ತುಂಬುತ್ತಿತ್ತು, ನಾಲಿಗೆಗೆ ಏನೂ ತಾಗುತ್ತಿರಲಿಲ್ಲ. ಮುಂದುಗಡೆ ನನ್ನ ಒಲೆಯ ಮೇಲೆ ಬೆಳಗಿನಿಂದ ಒಗ್ಗರಣೆ ಸಿಡಿಯುತ್ತಿರುತ್ತಿತ್ತು. ವಾಸನೆ ಹೋಗದಿರಲಿ ಅಂತ ನಾನು ನಡುವಿನ ಬಾಗಿಲು ಹಾಕಿಟ್ಟೆ. ಎರಡನೆಯ ದಿನವೋ ಮೂರನೆಯ ದಿನವೋ ಅಣ್ಣ ಗೋಡೆ ತಟ್ಟಿ ಕರೆದ.

"ಬಾಗ್ಲು ತೆಗಿ ಕಣವ್ವ. ವಾಸನೆಗೂ ಪೈಪು ಬೇಕಾ?"

ಅವನು ಹೇಳಿದ್ದನ್ನು ಇಲ್ಲಿ ನೆಟ್ಟಗೆ ಬರೆದಿದ್ದೇನೆ. ಬಾಯಿಂದ ಹೊರಟದ್ದು ಹೀಗಿರಲಿಲ್ಲ. ತುಟಿ ಕೂಡುತ್ತಿರಲಿಲ್ಲವಾದ್ದರಿಂದ ಪ, ಬ, ಮ ಯಾವುದೂ ಬರುತ್ತಿರಲಿಲ್ಲ. "ಸರಿಗಮಪದಲ್ಲಿ ಮಧ್ಯದ ಎರಡು ಸ್ವರ ಕಿತ್ಕೊಂಡು ಹೋದ್ರು ನೋಡು" ಅಂತ ಅವನೇ ನಕ್ಕಿದ್ದ. ನಕ್ಕಾಗ ಮುಖದ ಎಡಗಡೆ ಮಾತ್ರ ನಗುತ್ತಿತ್ತು. ನನಗೂ ಅತ್ತಿಗೆಗೂ ಅವನ ಮಾತು ಅರ್ಥವಾಗುತ್ತಿತ್ತು. ನೋಡಲು ಬಂದವರಿಗೆ ಆಗುತ್ತಿರಲಿಲ್ಲ. ಅವರು ಸುಮ್ಮನೆ ತಲೆಯಾಡಿಸಿ ಹೋಗುತ್ತಿದ್ದರು. ಕ್ರಮೇಣ ಬರುವುದೂ ಕಡಿಮೆಯಾಯಿತು.

ಮಲಗಿದ ಕಡೆಯೇ ಫೋನಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಸಂಗೀತ ಕೇಳುತ್ತಿದ್ದ. ಜೀವಮಾನವೆಲ್ಲ ನಾಟಕದ ಹಾಡಿನ ಮಟ್ಟುಗಳಲ್ಲೇ ಕಳೆದವನಿಗೆ ಬೇರೆಯದನ್ನು ಕೇಳಲು ಪುರುಸೊತ್ತು ಸಿಕ್ಕಿದ್ದು ಆಗಲೇ. ತಂಜಾವೂರಿನ ಕಡೆಯದು, ದಿಲ್ಲಿಯ ಕಡೆಯದು, ಕೊನೆಗೆ ಬಿಳಿಯರದು, ಎಲ್ಲ ಕೇಳಿದ. ಅದರಲ್ಲೇ ಯಾರೋ ಮಾತಾಡುತ್ತಾ ಒಂದು ಪ್ರಶ್ನೆ ಕೇಳಿದರಂತೆ: ಹಿಂದಿನ ಕಾಲದ ಸಂಗೀತ ಕಟ್ಟಿದವರಲ್ಲಿ ನಿಮಗೆ ಬೇಕಾದವರನ್ನು ರಾತ್ರಿ ಊಟಕ್ಕೆ ಕರೆಯಬಹುದು ಅಂದರೆ ಯಾರನ್ನು ಕರೆಯುತ್ತೀರಿ?

ಮಧ್ಯಾಹ್ನದ ಜನ ಕರಗಿದ ಮೇಲೆ ನಾನು ಅವನ ರೂಮಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಅವನು ಆ ಪ್ರಶ್ನೆಯನ್ನು ನನಗೇ ಕೇಳಿದ.

"ನಂಗೆ ಯಾರು ಗೊತ್ತಣ್ಣ? ನಂಗೆ ಅಡಿಗೆ ಗೊತ್ತು."

"ಹಂಗಾದ್ರೆ ಸರಿಹೋಯ್ತು. ನಾನು ಕರೀತೀನಿ, ನೀನು ಮಾಡು."

ಮೊದಲು ಕರೆದದ್ದು ಇದ್ದ ಐಶ್ವರ್ಯವನ್ನೆಲ್ಲ ಬಿಟ್ಟು ತಂಬೂರಿ ಹಿಡಿದು ಹೊರಟ ದಾಸರನ್ನು. ನನಗೆ ಗಾಬರಿಯಾಯಿತು. ಅವರು ನಮ್ಮ ಮನೆಯಲ್ಲಿ ಉಣ್ಣುತ್ತಾರೆಯೇ ಅಂತ ಕೇಳಿದೆ. ಅಣ್ಣ ಸ್ವಲ್ಪ ಯೋಚಿಸಿದ. "ಮನೆಮನೆ ತಿರುಗಿದೋರು. ನಮ್ಮ ಬೀದಿಗೆ ಬಂದಿದ್ರೋ ಇಲ್ವೋ ಗೊತ್ತಿಲ್ಲ. ಕರೆಯೋದು ನಮ್ಮ ಕೆಲಸ. ಈರುಳ್ಳಿ ಬೆಳ್ಳುಳ್ಳಿ ಹಾಕ್ಬೇಡ." ನಾನು ಒತ್ತುಶಾವಿಗೆ, ಕಾಯಿಹಾಲು ಅಂದೆ. ಅವನು ಕಣ್ಣು ಮುಚ್ಚಿದ. ಶಾವಿಗೆ ಬಿಸಿ ಇರುವಾಗಲೇ ಒತ್ತಬೇಕು, ಕಾಯಿಹಾಲಿಗೆ ಏಲಕ್ಕಿ ಜಾಸ್ತಿ ಆಗಬಾರದು, ಬೆಲ್ಲ ಕಪ್ಪಗಿರಬೇಕು ಅಂತ ಒಂದೊಂದೇ ಹೇಳಿದ. ದಾಸರ ಹೆಸರಲ್ಲಿ ಅವನು ತನ್ನ ಹಸಿವನ್ನೇ ಹೇಳುತ್ತಿದ್ದಾನೆ ಅಂತ ನನಗೆ ತಿಳಿಯಿತು. ಅವರೆಕಾಯಿ ಬುಟ್ಟಿ ಎತ್ತಿಕೊಂಡು ಎದ್ದುಬಂದೆ.

ಅವತ್ತು ಸಂಜೆ ಮೆಸ್ಸಿಗೆ ಒತ್ತುಶಾವಿಗೆಯನ್ನೇ ಮಾಡಿದೆ. ಒಂದು ತಟ್ಟೆ ಒಳಗೆ ತಂದು ಅವನ ಮುಂದೆ ಹಿಡಿದೆ. ಹಬೆ ಮುಖಕ್ಕೆ ಬರುವ ಹಾಗೆ ಬಗ್ಗಿ ಸುಮಾರು ಹೊತ್ತು ಕೂತಿದ್ದ. "ಉಂಡ್ರು ಕಣವ್ವ. ಇನ್ನೊಂದು ಸಲ ಹಾಕುಸ್ಕೊಂಡ್ರು" ಅಂದ. ಆ ತಟ್ಟೆಯಲ್ಲಿದ್ದುದನ್ನು ಆಮೇಲೆ ನನ್ನ ಗಂಡ ಅಡಿಗೆಮನೆಯಲ್ಲಿ ನಿಂತೇ ತಿಂದ.

ಹೀಗೆ ಶುರುವಾಯಿತು. ಅಕ್ಬರನ ಆಸ್ಥಾನದಲ್ಲಿ ಹಾಡಿ ದೀಪ ಹೊತ್ತಿಸಿದರಂತಲ್ಲ, ಅವರನ್ನು ಕರೆದ ದಿನ "ನಿಂಗೆ ಗ್ಯಾಸು ಉಳೀತು, ಒಲೆ ಅವರೇ ಹತ್ತಿಸ್ತಾರೆ" ಅಂದ. ರಾಜನ ಕಾಣಿಕೆ ಬೇಡವೆಂದು ರಾಮನನ್ನೇ ಹಾಡಿಕೊಂಡಿದ್ದ ತಂಜಾವೂರು ಸೀಮೆಯವರು ಬಂದ ದಿನ ಬರೀ ಅನ್ನ, ಮೆಣಸಿನ ಸಾರು, ತುಪ್ಪ. ಅಣ್ಣನಿಗೆ ಎಲ್ಲರಿಗಿಂತ ಹತ್ತಿರವಾದವನು ಜರ್ಮನಿಯ ಕಿವುಡ. ಕಿವಿ ಪೂರ್ತಿ ಹೋದಮೇಲೂ ಸಂಗೀತ ಬರೆದವನು. "ಅವನಿಗೆ ಕಿವಿ ಹೋಯ್ತು, ನಂಗೆ ಬಾಯಿ ಹೋಯ್ತು. ನಾನು ಹೇಳಕ್ಕಾಗಲ್ಲ, ಅವನು ಕೇಳಕ್ಕಾಗಲ್ಲ. ಇಬ್ರೂ ಸುಮ್ಮನೆ ಕೂತ್ಕೋಬೌದು." ಆ ಮನುಷ್ಯ ಮುಂಗೋಪಿಯಂತೆ, ಊಟ ಸೇರದಿದ್ದರೆ ತಟ್ಟೆ ಎಸೆಯುತ್ತಿದ್ದನಂತೆ. ಹಾಗಾಗಿ ನಾನು ಏನು ಮಾಡಲಿ ಅಂತ ನಿಜವಾಗಿಯೂ ಚಿಂತೆ ಮಾಡಿದೆ. ಕೊನೆಗೆ ಹಿತಕಿದ ಬೇಳೆ ಸಾರು, ಮುದ್ದೆ ಆಯಿತು. ಎಸೆದರೆ ಎಸೆಯಲಿ, ಮುದ್ದೆ ಒಡೆಯುವುದಿಲ್ಲವಲ್ಲ ಅಂದೆ. ಅಣ್ಣ ನಗಲು ಹೋಗಿ ಕೆಮ್ಮಿದ. ಪೈಪಿನಲ್ಲಿ ಗಂಜಿ ಮೇಲೆ ಬಂತು. ಅತ್ತಿಗೆ ಓಡಿಬಂದು ಒರೆಸಿದಳು.

ಒಂದು ದಿನ ಅವನ ಗುರುಗಳ ಮಾತು ಬಂತು. ಅವರೂ ನಾಟಕದ ಮೇಷ್ಟ್ರೇ, ತೀರಿಕೊಂಡು ಬಹಳ ವರ್ಷವಾಗಿತ್ತು. ಅಣ್ಣ ಕಲಿಸುತ್ತಿದ್ದ ಮಟ್ಟುಗಳಲ್ಲಿ ಅರ್ಧ ಅವರು ಕಟ್ಟಿದವು. ಮೂರು ತಾಲ್ಲೂಕು ದಾಟಿದರೆ ಅವರನ್ನು ಕೇಳಿದವರಿಲ್ಲ. ಅವರನ್ನು ಈ ಸಾಲಿಗೆ ಕರೆಯಬಹುದೋ ಇಲ್ಲವೋ ಅಂತ ಅಣ್ಣ ಒದ್ದಾಡಿದ. "ಅವರಿಗೆ ಕೋಳಿಸಾರು ಬೇಕು. ದಾಸರು ಇರೋ ದಿನ ಕರೆಯಂಗಿಲ್ಲ" ಅಂದ. ಇನ್ನೊಂದು ದಿನ ಕರೆದೆವು. ಅವತ್ತು ಅಣ್ಣ ಬಹಳ ಹೊತ್ತು ಬೆರಳನ್ನು ಹೊದಿಕೆಯ ಮೇಲೆ ಆಡಿಸುತ್ತಿದ್ದ. ಹಾರ್ಮೋನಿಯಂ ಬಿಳಿಗೆರೆಯಲ್ಲಿತ್ತು. ತರಿಸಲೇ ಅಂದರೆ ಬೇಡವೆಂದ.

ಅತ್ತಿಗೆ ಇದನ್ನೆಲ್ಲ ಮೊದಲಿನಿಂದಲೂ ನೋಡುತ್ತಿದ್ದಳು, ಏನೂ ಅಂದಿರಲಿಲ್ಲ. ಅವಳು ಮಾತು ಕಡಿಮೆಯ ಹೆಂಗಸು. ಗಂಡ ವರ್ಷದಲ್ಲಿ ಅರ್ಧ ಊರೂರು ತಿರುಗುತ್ತಿದ್ದಾಗ ತೋಟಕ್ಕೆ ನೀರು ಕಟ್ಟಿ, ಕಾಯಿ ಕೆಡವಿಸಿ, ಕೊಬ್ಬರಿ ಮಾಡಿಸಿ ಮನೆ ನಿಲ್ಲಿಸಿದವಳು ಅವಳೇ. ನಮ್ಮ ಮನೆಗೆ ಬಂದಮೇಲೆ ನನ್ನ ಅಡಿಗೆಮನೆಯಲ್ಲಿ ಯಾವ ಡಬ್ಬಿಯನ್ನೂ ಕೇಳದೆ ಮುಟ್ಟುತ್ತಿರಲಿಲ್ಲ. ಅದು ಅವಳಿಗೆ ಎಷ್ಟು ಕಷ್ಟವಾಗಿತ್ತೋ, ನಾನು ಗಮನಿಸಲಿಲ್ಲ.

ಒಂದು ಸಂಜೆ ಅಣ್ಣ, "ಬಂದೋರಿಗೆ ತಟ್ಟೆ ಹಿಡ್ಕೊಂಡು ನಿಲ್ಲೋದೇನು, ಎಲೆ ಹಾಕು" ಅಂದ. ನಾನು ಬಾಳೆಲೆ ತೊಳೆದು ಅವನ ಮಂಚದ ಎದುರು ಹಾಸಿ, ಒಂದು ಲೋಟ ನೀರಿಟ್ಟು, ಪಲ್ಯ, ಕೋಸಂಬರಿ, ಪಾಯಸ ಎಲ್ಲ ಬಡಿಸಿದೆ. ಎಲೆಯ ಮುಂದೆ ಯಾರೂ ಇರಲಿಲ್ಲ. ಅತ್ತಿಗೆ ಸಿರಿಂಜು ತೊಳೆದುಕೊಂಡು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. ಆಮೇಲೆ ನೇರ ಹೋಗಿ, ಬಗ್ಗಿ, ಬಡಿಸಿದ ಎಲೆಯನ್ನು ಹಾಗೇ ಮಡಚಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಎಸೆದು ಬಂದಳು. ಪಾಯಸ ಅವಳ ಸೀರೆಯ ಮೇಲೆಲ್ಲ ಸುರಿದಿತ್ತು.

"ಏನತ್ತಿಗೆ ಇದು?" ಅಂದೆ.

"ಏನಾ? ಸತ್ತೋರಿಗೆ ಎಡೆ ಇಡ್ತಿದ್ದೀಯಲ್ಲಮ್ಮ, ಕಾಯಿಲೆ ಮನುಷ್ಯನ ಮಂಚದ ಮುಂದೆ! ಅಮಾವಾಸ್ಯೆನಾ, ಪಕ್ಷನಾ? ನಿಂಗೆ ಗೊತ್ತಾಗಲ್ವಾ? ದಿನಾ ಕರೀತಿದ್ದೀರ, ಬನ್ನಿ ಬನ್ನಿ ಅಂತ. ಬಂದೋರು ಬರೀ ಕೈಲಿ ಹೋಗ್ತಾರಾ?"

ಅಣ್ಣ ಮಂಚದ ಮೇಲಿಂದ ಕೈ ಎತ್ತಿದ.

"ಅವರು ಸತ್ತೋರಲ್ಲ ಕಣೇ. ಸತ್ತಿದ್ರೆ ಅವರ ಹಾಡು ನನ್ನ ಕಿವಿಗೆ ಹೆಂಗೆ ಬರ್ತಿತ್ತು?"

"ಹಾಡು ಕೇಳ್ಕೊಳ್ಳಿ. ಯಾರು ಬೇಡ ಅಂದ್ರು? ಎಲೆ ಹಾಕ್ಬೇಡಿ."

ನಾನು ಮತ್ತೆ ಎಲೆ ಹಾಕಲೂ ಇಲ್ಲ, ತಟ್ಟೆ ಒಯ್ಯಲೂ ಇಲ್ಲ. ಆದರೆ ಮಾತು ನಿಲ್ಲಲಿಲ್ಲ. ಮಧ್ಯಾಹ್ನ ಕೆಲಸ ಮುಗಿಸಿ ನಾನು ಒಳಗೆ ಹೋದರೆ, ಇವತ್ತು ಯಾರು ಅಂತ ಕೇಳುವುದು, ಅವನು ಹೇಳುವುದು, ಏನು ಅಡಿಗೆ ಅಂತ ಇಬ್ಬರೂ ಸೇರಿ ಗೊತ್ತು ಮಾಡುವುದು. ಅತ್ತಿಗೆ ಬಾಗಿಲಾಚೆ ಕೂತು ತೆಂಗಿನ ಗರಿ ಸೀಳಿ ಪೊರಕೆಕಡ್ಡಿ ತೆಗೆಯುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನಮಗೆ ಗೊತ್ತಿತ್ತು.

ಒಂದು ದಿನ ಆಚೆಯಿಂದಲೇ ಕೇಳಿದಳು. "ಆ ದಾಸರ ಹೆಂಡ್ತೀನ ಯಾವತ್ತೂ ಕರೆಯಲ್ವಲ್ಲ ನೀವು?"

ಅಣ್ಣ ತಲೆ ತಿರುಗಿಸಿದ. "ಮೂಗುತಿ ಕೊಟ್ಟ ತಾಯಿನಾ? ಕರೆಯಾಣ. ನೀನು ಕರಿ."

"ನಾನು ಯಾಕೆ ಕರೀಲಿ? ಬಂದಿದ್ರೆ ಒಂದು ಮಾತು ಕೇಳೋದಿತ್ತು ಅಷ್ಟೇ."

"ಏನು ಕೇಳ್ತಿದ್ದೆ?"

ಅತ್ತಿಗೆ ಕಡ್ಡಿ ಸೀಳುವುದನ್ನು ನಿಲ್ಲಿಸಿದಳು. "ಗಂಡ ಎಲ್ಲ ಬಿಟ್ಟು ತಂಬೂರಿ ಹಿಡ್ಕೊಂಡು ಹೊರಟ್ನಲ್ಲ, ಅವತ್ತು ಸಾಯಂಕಾಲ ಮಕ್ಕಳಿಗೆ ಏನು ಬೇಯಿಸಿ ಹಾಕಿದ್ಲು ಅಂತ."

ಹೊರಗೆ ಬಸ್ಸು ಬಂದು ನಿಂತು ಜನ ಇಳಿಯುವ ಸದ್ದು ಕೇಳುತ್ತಿತ್ತು. ಅಣ್ಣ ಬಹಳ ಹೊತ್ತು ಸೂರು ನೋಡುತ್ತಿದ್ದು, ಆಮೇಲೆ ಅವಳ ಹೆಸರು ಹಿಡಿದು ಕರೆದ. ಅವಳ ಹೆಸರಲ್ಲಿ ಮ ಇದೆ. ಅದು ಬರಲಿಲ್ಲ. ಅವಳು ಎದ್ದು ಒಳಗೆ ಬಂದು ಮಂಚದ ಕಾಲಿನ ಹತ್ತಿರ ಕೂತಳು. ನಾನು ಹೊರಗೆ ಬಂದೆ. ಆಮೇಲೆ ಅವರು ಏನು ಮಾತಾಡಿಕೊಂಡರೋ ನನಗೆ ತಿಳಿಯದು.

ಅದಾದಮೇಲೆ ಕೆಲವು ದಿನ ಅತ್ತಿಗೆ ನಮ್ಮ ಜೊತೆಯೇ ಕೂರುತ್ತಿದ್ದಳು. ಅಡಿಗೆಯ ವಿಷಯದಲ್ಲಿ ನನ್ನನ್ನು ತಿದ್ದುತ್ತಿದ್ದಳು ಕೂಡ. ಉಪ್ಸಾರಿಗೆ ನಾನು ಖಾರ ಅರೆಯುವ ರೀತಿ ಅವಳಿಗೆ ಸೇರುತ್ತಿರಲಿಲ್ಲ. ಆ ಜರ್ಮನಿಯವನಿಗೆ ಮದುವೆಯಾಗಿತ್ತಾ ಅಂತ ಒಮ್ಮೆ ವಿಚಾರಿಸಿದಳು. ಇಲ್ಲ ಅಂದಾಗ, "ಅದಕ್ಕೇ ತಟ್ಟೆ ಎಸೀತಿದ್ದ" ಅಂದಳು. ಆ ಕಾಯಿಲೆಯ ದಿನಗಳಲ್ಲಿ ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಆಮೇಲೆ ಕತ್ತಿನಲ್ಲಿ ಗಂಟು ಕಾಣಿಸಿತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಅಣ್ಣನನ್ನು ಹೊರಗೆ ಕೂರಿಸಿ ನನ್ನನ್ನೂ ಅತ್ತಿಗೆಯನ್ನೂ ಒಳಗೆ ಕರೆದರು. ಮನೆಯಲ್ಲೇ ನೋಡಿಕೊಳ್ಳಿ, ನೋವಿಗೆ ಮಾತ್ರೆ ಕೊಡುತ್ತೇವೆ ಅಂದರು. ಹೊರಗೆ ಬಂದಾಗ ಅಣ್ಣ ಇಯರ್‌ಫೋನು ತೆಗೆದು ನಮ್ಮ ಮುಖ ನೋಡಿದ. ಏನು ಹೇಳಿದರು ಅಂತ ಕೇಳಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು, ತೆಂಗಿನ ತೋಟ ಶುರುವಾಗುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದ.

ಗಂಟು ಒಡೆಯಿತು. ವಾಸನೆ ಶುರುವಾಯಿತು. ನಡುವಿನ ಬಾಗಿಲನ್ನು ಈಗ ಮೆಸ್ಸಿನವರಿಗಾಗಿ ಹಾಕಬೇಕಾಯಿತು. ಆ ಬಾಗಿಲು ಹಾಕುವಾಗ ಅಣ್ಣ ನನ್ನನ್ನೇ ನೋಡಿದ. ಇಯರ್‌ಫೋನು ದಿಂಬಿನ ಕೆಳಗೆ ಹೋಯಿತು. ಕಿವಿಯ ಹಿಂದೆಯೂ ನೋವು ಹರಡಿದ್ದರಿಂದ ಅದನ್ನು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಫೋನಿನಲ್ಲಿ ಹಾಗೇ ಹಾಡು ಹಾಕಿದರೆ ಸಾಕು ನಿಲ್ಲಿಸು ಅಂತ ಕೈಸನ್ನೆ ಮಾಡುತ್ತಿದ್ದ.

ಆದರೂ ನಾನು ಒಂದು ಮಧ್ಯಾಹ್ನ ಅಭ್ಯಾಸಬಲದಿಂದ ಕೇಳಿಬಿಟ್ಟೆ. "ಇವತ್ತು ಯಾರಣ್ಣ?"

"ಯಾರೂ ಬೇಡ ಕಣವ್ವ" ಅಂದ. ಸ್ವಲ್ಪ ಹೊತ್ತಿನ ಮೇಲೆ, "ಬಂದಿರೋರ್ನೂ ಕಳಿಸ್ಬುಡು" ಅಂದ.

ಅತ್ತಿಗೆ ಅಲ್ಲೇ ಕೂತು ಗಂಜಿ ಸೋಸುತ್ತಿದ್ದಳು. ಅವಳ ಕೈ ನಿಂತದ್ದನ್ನು ನೋಡಿದೆ. ನೋವಿನ ಮಾತ್ರೆಯ ಮಂಪರಿನಲ್ಲಿ ಆಡಿದ ಮಾತು ಅಂತ ನಾನು ಅಂದುಕೊಂಡೆ. ಅವಳು ಹಾಗಂದುಕೊಳ್ಳಲಿಲ್ಲ. ಮಾರನೆಯ ದಿನವೇ ಕಾರು ಗೊತ್ತು ಮಾಡಿಸಿ ಅಣ್ಣನನ್ನು ಬಿಳಿಗೆರೆಗೆ ಕರೆದುಕೊಂಡು ಹೋದಳು. ನಾನು ಬೇಡ ಅನ್ನಲಿಲ್ಲ. ಹೊರಡುವಾಗ ಅಣ್ಣ ಕಾರಿನೊಳಗಿಂದ ನನ್ನ ಕೈ ಹಿಡಿದು, ಬಿಟ್ಟ. ವಾರ ತುಂಬುವ ಮೊದಲೇ ಹೋದ.

ಮೂರನೆಯ ದಿನ ಹಾಲುತುಪ್ಪಕ್ಕೆ ಹೋಗಿದ್ದೆ. ನೆಂಟರೆಲ್ಲ ಅಂಗಳದಲ್ಲಿ ಕೂತಿದ್ದರು. ಅತ್ತಿಗೆ ನನ್ನನ್ನು ಕಂಡು ಎದ್ದು ನಿಂತಳು. ಅಳುತ್ತಾಳೆ ಅಂತ ಹತ್ತಿರ ಹೋದೆ.

"ಕರೆದ್ರಲ್ಲಮ್ಮ ದಿನಾ" ಅಂದಳು. "ಬಂದ್ರು. ಉಂಡ್ರು. ಕರ್ಕೊಂಡು ಹೋದ್ರು. ಸಮಾಧಾನ ಆಯ್ತಾ?"

ನೆಂಟರಿಗೆ ಅರ್ಥವಾಗಲಿಲ್ಲ. ದುಃಖಕ್ಕೆ ಏನೋ ಬಡಬಡಿಸುತ್ತಾಳೆ ಅಂತ ಯಾರೋ ಅವಳನ್ನು ಹಿಡಿದು ಕೂರಿಸಿದರು. ನನಗೆ ಮಾತ್ರ ಅರ್ಥವಾಗಿತ್ತು. ಅವಳ ಕಾಲು ಹಿಡಿದುಕೊಳ್ಳಬೇಕೋ, ನಿಮಗೆ ತಲೆ ಕೆಟ್ಟಿದೆ ಅನ್ನಬೇಕೋ ತಿಳಿಯದೆ ತೆಂಗಿನ ಮರಕ್ಕೆ ಒರಗಿ ನಿಂತಿದ್ದೆ. ನನ್ನ ಗಂಡ ಬಂದು ಹೊರಡೋಣ ಅಂದ.

ತಿಥಿಯ ಅಡಿಗೆಗೆ ನನ್ನನ್ನು ಕರೆಯುತ್ತಾರೆ ಅಂದುಕೊಂಡಿದ್ದೆ. ಅಣ್ಣನಿಗೆ ಏನು ಬೇಕಾಗಿತ್ತು ಅಂತ ನನಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು? ಆದರೆ ತಿಪಟೂರಿನಿಂದ ಅಡಿಗೆಯವರು ಬಂದಿದ್ದರು. ಎಡೆಗೆ ಅತ್ತಿಗೆ ಒಬ್ಬಳೇ ಬೇರೆ ಒಲೆಯಲ್ಲಿ ಮಾಡಿದ್ದಳು. ಒತ್ತುಶಾವಿಗೆ, ಕಾಯಿಹಾಲು, ಕೋಳಿಸಾರು, ಮುದ್ದೆ, ಅವನು ಬಾಯಿಗೆ ಇಡಲಾಗದೆ ಹೋದದ್ದೆಲ್ಲ ಆ ಎಲೆಯ ಮೇಲಿತ್ತು. ನನ್ನನ್ನು ನೆಂಟರ ಸಾಲಿನಲ್ಲಿ ಕೂರಿಸಿದರು. ಅಡಿಗೆ ಚೆನ್ನಾಗಿಯೇ ಇತ್ತು. ಉಂಡೆ. ಎಡೆ ಇಟ್ಟ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತಾಗ, ಒಳಗೆ ಅವನು ಒಬ್ಬನೇ ಬಂದಿದ್ದಾನೋ ಜೊತೆಗೆ ಇನ್ಯಾರಾದರೂ ಇದ್ದಾರೋ ಅನ್ನುವ ಯೋಚನೆ ಬಂದು ನನಗೆ ನನ್ನ ಮೇಲೇ ಭಯವಾಯಿತು.

ಆಮೇಲೆ ಬಹಳ ದಿನ ನಾವು ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ಅತ್ತಿಗೆಯ ಸುದ್ದಿ ಬಸ್ಸಿನವರಿಂದ ಬರುತ್ತಿತ್ತು. ತೋಟ ಅವಳೇ ನೋಡಿಕೊಳ್ಳುತ್ತಿದ್ದಾಳೆ, ಮರಗಳಿಗೆ ನುಸಿ ಬಿದ್ದಿದೆ, ಹಾರ್ಮೋನಿಯಮ್ಮನ್ನು ತುರುವೇಕೆರೆ ಕಡೆಯ ಯಾರಿಗೋ ಕೊಟ್ಟುಬಿಟ್ಟಳು. ನಾನು ರಾತ್ರಿ ಮಲಗಿದಾಗ ಅವಳಿಗೆ ಉತ್ತರ ಕಟ್ಟುತ್ತಿದ್ದೆ. ಕಡ್ಡಿಪುಡಿ ಹಾಕಿಕೊಳ್ಳುವಾಗ ನೀವು ಯಾಕೆ ಬೇಡ ಅನ್ನಲಿಲ್ಲ ಅಂತ ಕೇಳಬೇಕು ಅನ್ನಿಸುತ್ತಿತ್ತು. ಬೇಡ ಅಂದಿದ್ದಳು, ಎಷ್ಟೋ ಸಲ ಅಂದಿದ್ದಳು, ಅದೂ ನನಗೆ ಗೊತ್ತಿತ್ತು.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಮೆಸ್ಸಿನ ಬಾಗಿಲಲ್ಲಿ ನಿಂತಿದ್ದಳು. ಗುಬ್ಬಿಯ ಕಡೆ ಯಾವುದೋ ಮದುವೆಗೆ ಹೋಗಿ ಬರುತ್ತಿದ್ದವಳು ಇಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಬಹಳ ಇಳಿದುಹೋಗಿದ್ದಳು. ಒಳಗೆ ಬನ್ನಿ ಅಂದೆ. ಒಳಗೆ ಬರಲಿಲ್ಲ, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತಳು. ಕೇಳದೆ ಮುದ್ದೆ, ಬಸ್ಸಾರು ಬಡಿಸಿದೆ. ತಲೆ ಎತ್ತದೆ ಉಂಡಳು. ಎದುರಿಗೆ ಕೂತು ನೋಡುತ್ತಿದ್ದೆ. ಕೇಳಬಾರದು ಅಂದುಕೊಂಡಿದ್ದನ್ನು ಕೇಳಿದೆ.

"ಅತ್ತಿಗೆ, ಈಗ್ಲೂ ಹಂಗೇ ಅನ್ಕೊಂಡಿದ್ದೀರಾ? ನಾವು ಕರೆದಿದ್ದಕ್ಕೇ ಅಣ್ಣ ಹೋದ ಅಂತ?"

ಅವಳು ಮುರಿದ ಮುದ್ದೆಯನ್ನು ಸಾರಿನಲ್ಲಿ ಅದ್ದಿದಳು.

"ಹಂಗಲ್ಲ ಅಂತ ನಂಗೂ ಗೊತ್ತು ಕಣಮ್ಮ. ಕಾಯಿಲೆ ಮೇಲೆ ಕೋಪ ಮಾಡ್ಕೊಳ್ಳಕ್ಕಾಗುತ್ತಾ? ಸತ್ತೋನ ಮೇಲೆ ಮಾಡ್ಕೊಳ್ಳಕ್ಕಾಗುತ್ತಾ? ನೀನಾದ್ರೆ ಇದೀಯ." ಒಂದು ತುತ್ತು ನುಂಗಿದಳು. "ನಿನ್ನ ಮೇಲಿನ ಕೋಪಾನೂ ಬುಟ್ಟುಬುಟ್ರೆ, ಆಮೇಲೆ ಮನೇಲಿ ಕೂತು ಏನು ಮಾಡ್ಲಿ ಹೇಳು."

ಇನ್ನೊಂದು ಸೌಟು ಸಾರು ಹಾಕಿದೆ. ಬೇಡ ಅನ್ನಲಿಲ್ಲ. ಅಷ್ಟರಲ್ಲಿ ತಿಪಟೂರಿನ ಬಸ್ಸು ಬಂತು. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಹೊರಟಳು. ಬಸ್ಸು ತುಂಬಿತ್ತು. ಅವಳು ಒಳಗೆ ನುಗ್ಗಿ ಕಂಬಿ ಹಿಡಿದು ನಿಂತದ್ದು ಕಾಣಿಸಿತು, ಈ ಕಡೆ ತಿರುಗಿದಳೋ ಇಲ್ಲವೋ ಜನರ ನಡುವೆ ತಿಳಿಯಲಿಲ್ಲ. ಒಳಗೆ ಯಾರೋ ಅನ್ನ ಕೇಳುತ್ತಿದ್ದರು. ಹೋಗಿ ಬಡಿಸಿದೆ.

ಈಗ ಆ ದಾರಿಯಲ್ಲಿ ಬಂದರೆ ಕೆಲವು ಸಲ ಉಂಡು ಹೋಗುತ್ತಾಳೆ. ಕೆಲವು ಸಲ ಬಸ್‌ಸ್ಟಾಪಿನಲ್ಲೇ ನಿಂತಿದ್ದು ಹಾಗೇ ಹತ್ತಿಕೊಂಡು ಹೋಗುತ್ತಾಳೆ. ನಾನು ಕರೆಯುವುದಿಲ್ಲ.